ಪ್ಯಾನಲ್ ಮೇಲೆ ಧೂಳು, ಯೂನಿಟ್ ಇಳಿಕೆ: ತೊಳೆದು ನೋಡಿದವರ ಅನುಭವ

ಪ್ರಶ್ನೆ: ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿ ಎರಡು ವರ್ಷ ಆಯ್ತು. ಒಳ್ಳೆ ಬಿಸಿಲಿದ್ದ ದಿನ 13 ಯೂನಿಟ್ ಬರ್ತಿತ್ತು, ಈಗ 11 ದಾಟೋದೇ ಕಷ್ಟ. ಪ್ಯಾನಲ್ ಮೇಲೆ ಬೆರಳಾಡಿಸಿದರೆ ಧೂಳು ಮೆತ್ತುತ್ತೆ. ಇದು ಧೂಳಿನದೇ ಕೆಲಸವಾ, ಪ್ಯಾನಲ್ಲೇ ಕೆಟ್ಟಿದೆಯಾ? ಎಷ್ಟು ದಿನಕ್ಕೊಮ್ಮೆ ತೊಳೀಬೇಕು? ಅನುಭವ ಇರೋರು ದಯವಿಟ್ಟು ಹೇಳಿ.

ಉತ್ತರ 1: ತೊಳೆಯೋಕೆ ಮುಂಚೆ ಅಳೆದು ನೋಡಿ. ನಿನ್ನೆಯ ಯೂನಿಟ್ಟನ್ನು ಇವತ್ತಿನದರ ಜೊತೆ ಹೋಲಿಸಿದರೆ ಮೋಡ, ಸೆಖೆ, ಹಗಲಿನ ಉದ್ದ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತೆ. ನನ್ನ ಬಳಿ ಒಂದೇ ದಿಕ್ಕಿಗೆ, ಒಂದೇ ಓರೆಯಲ್ಲಿ ಎರಡು ಸ್ಟ್ರಿಂಗ್ (ಒಂದಕ್ಕೊಂದು ಜೋಡಿಸಿದ ಪ್ಯಾನಲ್‌ಗಳ ಸಾಲು) ಇವೆ, ಇನ್ವರ್ಟರ್ ಎರಡನ್ನೂ ಬೇರೆ ಬೇರೆ ತೋರಿಸುತ್ತೆ. ಒಂದನ್ನು ತೊಳೆದು ಇನ್ನೊಂದನ್ನು ಹಾಗೇ ಬಿಟ್ಟೆ. ಮಧ್ಯಾಹ್ನ ತೊಳೆದದ್ದರಲ್ಲಿ 9.1 ಆಂಪಿಯರ್, ತೊಳೆಯದ್ದರಲ್ಲಿ 8.3. ವೋಲ್ಟೇಜ್ ಮಾತ್ರ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ! ಧೂಳು ಬೆಳಕನ್ನು ತಡೆಯುತ್ತೆ, ಬೆಳಕು ಎಷ್ಟು ಕಮ್ಮಿಯಾಗುತ್ತೋ ಕರೆಂಟು ಅಷ್ಟು ಇಳಿಯುತ್ತೆ. ಬಿಸಿ ಇಳಿಸೋದು ವೋಲ್ಟೇಜನ್ನು. ಸಿಲಿಕಾನ್ ಪ್ಯಾನಲ್ ಬಿಸಿ ಒಂದು ಡಿಗ್ರಿ ಏರಿದರೆ ಸುಮಾರು ಶೇ. 0.3ರಿಂದ 0.4ರಷ್ಟು ಪವರ್ ಹೋಗುತ್ತೆ. ಹಾಗಾಗಿ ಬಿಸಿಲು ಕಡುವಾದ ದಿನಗಳ ಇಳಿಕೆಯನ್ನೆಲ್ಲ ಧೂಳಿನ ಲೆಕ್ಕಕ್ಕೆ ಬರೆಯಬೇಡಿ. ಆಂಪಿಯರ್ ಕಮ್ಮಿಯಿದ್ದರೆ ಬಕೆಟ್ ತಗೊಳ್ಳಿ. ವೋಲ್ಟೇಜ್ ಒಮ್ಮೆಲೇ ಕುಸಿದಿದ್ದರೆ ಪ್ಯಾನಲ್‌ನ ಡಯೋಡೋ ವೈರ್ ಜೋಡಿಸೋ ಕನೆಕ್ಟರೋ ಕೆಟ್ಟಿದೆಯಾ ನೋಡಿಸಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ಧೂಳು ಎಲ್ಲಿ ಕೂತಿದೆ ಅನ್ನೋದನ್ನೂ ನೋಡಬೇಕು. ಗಾಜಿನ ತುಂಬ ಸಮನಾಗಿ ಹರಡಿದ ತೆಳು ಧೂಳು ಅಷ್ಟು ಕಾಡಲ್ಲ. ನನಗೆ ಹೊಡೆತ ಕೊಟ್ಟಿದ್ದು ಹಕ್ಕಿ ಹಿಕ್ಕೆ, ಮತ್ತೆ ಕೆಳಗಿನ ಫ್ರೇಮ್ ಅಂಚಿಗೆ ಪಟ್ಟಿಯ ಹಾಗೆ ಗಟ್ಟಿಯಾಗಿದ್ದ ಕೆಸರು. ಪ್ಯಾನಲ್ ಒಳಗೆ ಕರೆಂಟು ಮಾಡೋ ಸೆಲ್‌ಗಳು ಸರಪಳಿಯ ಹಾಗೆ ಜೋಡಿಸಿರುತ್ತವೆ, ಒಂದು ಸೆಲ್ ಮುಚ್ಚಿದರೂ ಆ ಸಾಲಿನ ಕರೆಂಟಿಗೆಲ್ಲ ತಡೆ. ಸಾಮಾನ್ಯವಾಗಿ ಒಂದು ಪ್ಯಾನಲ್‌ನಲ್ಲಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ಮುಚ್ಚಿದ ಭಾಗವನ್ನು ಬಿಟ್ಟು ಕರೆಂಟನ್ನು ಡಯೋಡ್ ಪಕ್ಕದಿಂದ ಹಾಯಿಸಿದರೆ ಪ್ಯಾನಲ್‌ನ ಮೂರನೇ ಒಂದು ಭಾಗವೇ ಹೋಯ್ತು ಅಂತ ತಿಳಿಯಿರಿ. ಮುಚ್ಚಿದ ಸೆಲ್ ಬಿಸಿಯಾಗುತ್ತೆ, ಬಹಳ ದಿನ ಹಾಗೇ ಬಿಟ್ಟರೆ ಸುಟ್ಟ ಕಲೆಯೂ ಆಗಬಹುದು. ಹಿಕ್ಕೆ ಕಂಡ ದಿನವೇ ಒದ್ದೆ ಬಟ್ಟೆಯಲ್ಲಿ ನೆನೆಸಿ ತೆಗೀತೀನಿ, ಅದಕ್ಕೆ ವಾರ, ತಿಂಗಳು ಅಂತ ಕಾಯಲ್ಲ. ಓರೆ ಕಮ್ಮಿಯಿದ್ದಷ್ಟೂ ಕೆಳ ಅಂಚಿನಲ್ಲಿ ನೀರು ನಿಂತು ಪಟ್ಟಿ ಬೇಗ ಕಟ್ಟುತ್ತೆ.

ಉತ್ತರ 3: ತೊಳೆಯೋ ಬಗ್ಗೆ ಎರಡು ಮಾತು. ಮುಂಜಾನೆ ತೊಳೆಯಿರಿ, ಇಬ್ಬನಿಯಲ್ಲಿ ಧೂಳು ಮೊದಲೇ ನೆನೆದಿರುತ್ತೆ. ಸುಡೋ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಬಿರುಕು ಬಿಡಬಹುದು. ನಾನು ಒಂದು ವರ್ಷ ಗಡಸು ನೀರಲ್ಲೇ ತೊಳೆದೆ. ಧೂಳು ಹೋಯ್ತು, ಸುಣ್ಣದ ಬಿಳಿ ಕಲೆ ಉಳೀತು, ಅದನ್ನು ಬಿಡಿಸೋಕೆ ಪಟ್ಟ ಪಾಡು ಸಾಕಾಯ್ತು. ಈಗ ಕೂಡಿಟ್ಟ ಮಳೆನೀರು, ಮೆತ್ತನೆ ಮಾಪು, ಅಷ್ಟೇ. ಸೋಪಿನ ಪುಡಿ, ಪಾತ್ರೆ ಉಜ್ಜೋ ನಾರು ಹತ್ತಿರ ತರಬೇಡಿ, ಗಾಜಿನ ಮೇಲಿನ ಲೇಪನ ಗೀರಿಹೋಗುತ್ತೆ. ಪ್ಯಾನಲ್ ಮೇಲೆ ಕಾಲಿಟ್ಟರೆ ಒಳಗಿನ ಸೆಲ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತೆ. ಗಾಜು ಒಡೆದ ಪ್ಯಾನಲ್‌ಗೆ ನೀರು ಹಾಕಲೇಬೇಡಿ, ಶಾಕ್ ಹೊಡೆಯುತ್ತೆ.

ಉತ್ತರ 4: ಇಷ್ಟು ದಿನಕ್ಕೊಮ್ಮೆ ಅನ್ನೋ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಜೋರು ಮಳೆ ಬಂದ ತಿಂಗಳು ನಾನು ಪ್ಯಾನಲ್ ಮುಟ್ಟೋದೇ ಇಲ್ಲ. ತುಂತುರು ಬಂದರೆ ಮಾತ್ರ ಮರುದಿನ ಹೋಗಿ ನೋಡ್ತೀನಿ, ಧೂಳನ್ನು ತೊಳೆಯದೆ ಕೆಸರು ಚುಕ್ಕಿ ಮಾಡಿಟ್ಟಿರುತ್ತೆ. ಪಕ್ಕದಲ್ಲಿ ಮಣ್ಣು ರಸ್ತೆಯೋ ಕಟ್ಟಡದ ಕೆಲಸವೋ ಇದ್ದರೆ ಎರಡೇ ವಾರಕ್ಕೆ ಬೇಕಾಗಬಹುದು.

ಕೇಳಿದವರು: ಎಲ್ಲರಿಗೂ ತುಂಬ ಧನ್ಯವಾದ. ಇವತ್ತು ಬೆಳಿಗ್ಗೆ ಮೇಲೆ ಹತ್ತಿ ನೋಡಿದೆ, ಕೆಳಗಿನ ಸಾಲಿನ ಎಲ್ಲ ಪ್ಯಾನಲ್ ಅಂಚಿಗೂ ಎರಡು ಬೆರಳಗಲ ಕೆಸರು ಪಟ್ಟಿ ಕಟ್ಟಿತ್ತು. ನೆನೆಸಿ ತೆಗೆದೆ. ಸಂಜೆಗೆ 12.4 ಯೂನಿಟ್ ತೋರಿಸಿತು. ಆದರೆ ಒಂದು ದಿನದ ಲೆಕ್ಕ ನಂಬಬೇಡಿ ಅಂದಿರಲ್ಲ, ಇನ್ನೊಂದು ವಾರ ದಿನಾ ಮಧ್ಯಾಹ್ನದ ಆಂಪಿಯರ್ ಬರೆದಿಟ್ಟು ಇಲ್ಲೇ ಹಾಕ್ತೀನಿ.