ಅಪ್‌ಡೇಟ್: ಹಳೇ ಫ್ರಿಜ್‌ಗೆ ಸ್ಪ್ರೇ ಪೇಂಟ್ ಹೊಡೆದಾಯ್ತು

ಹಳದಿಗಟ್ಟಿದ ಫ್ರಿಜ್‌ಗೆ ಪೇಂಟ್ ಹೊಡೆದರೆ ನಿಲ್ಲುತ್ತಾ, ಸಿಪ್ಪೆ ಏಳುತ್ತಾ ಅಂತ ಕೇಳಿದ್ದೆನಲ್ಲಾ, ಕೆಲಸ ಮುಗಿಯಿತು. ನಿಂತಿದೆ!

"ಮೊದಲು ಜಿಡ್ಡು ತೆಗೀರಿ, ಆಮೇಲೆ ಉಜ್ಜಿ" ಅಂದವರ ಮಾತೇ ಕೆಲಸಕ್ಕೆ ಬಂದಿದ್ದು. ಫ್ರಿಜ್ ಕ್ಲೀನಾಗೇ ಇದೆ ಅಂದುಕೊಂಡಿದ್ದೆ, ಆದರೆ ಹಿಡಿಕೆ ಸುತ್ತ ಸೋಪಿನ ನೀರಲ್ಲಿ ತಿಕ್ಕಿದರೆ ಬಿಳಿ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರ್ ಹಿಡಿದು ಹೊಳಪು ಹೋಗುವಷ್ಟು ಮಾತ್ರ ಉಜ್ಜಿದೆ, ಬಾಗಿಲಿನ ರಬ್ಬರ್‌ಗೆ ಟೇಪ್ ಅಂಟಿಸಿ, ಕಿಟಕಿ ಎಲ್ಲಾ ತೆಗೆದು, ಫ್ರಿಜ್‌ನಂಥ ಅಪ್ಲೈಯನ್ಸ್‌ಗೆಂದೇ ಬರುವ ಎಪಾಕ್ಸಿ (ಗಟ್ಟಿಯಾಗಿ ಅಂಟಿಕೊಳ್ಳುವ ಪೇಂಟ್) ಸ್ಪ್ರೇಯನ್ನು ಒಂದಡಿ ದೂರದಿಂದ ತೆಳ್ಳಗೆ ಮೂರು ಸಲ ಹೊಡೆದೆ.

ಉಜ್ಜೋದು ಬೇಡ, ಪ್ರೈಮರ್ (ಪೇಂಟ್‌ಗೂ ಮೊದಲು ಹೊಡೆಯುವ ತಳದ ಕೋಟ್) ಸಾಕು ಅನ್ನೋ ಸಲಹೆಯನ್ನು ಫ್ರಿಜ್‌ನ ಹಿಂದಿನ ಮೂಲೆಯಲ್ಲಿ ಸುಮ್ನೆ ಮಾಡಿ ನೋಡಿದೆ. ಮಾರನೇ ದಿನ ಉಗುರು ತಾಗಿದ್ದಕ್ಕೇ ಎದ್ದು ಬಂತು. ಒಂದೇ ಸಲಕ್ಕೆ ದಪ್ಪಗೆ ಹೊಡೆದು ನೋಡಿದ ಕೋಟ್ ಅಂತೂ ಕಣ್ಣೀರಿನ ಹಾಗೆ ಇಳಿಯಿತು, ಅದನ್ನು ಕೆರೆದು ತೆಗೆಯೋಕೇ ಜಾಸ್ತಿ ಹೊತ್ತು ಹಿಡಿಯಿತು.

ಗೊತ್ತಿಲ್ಲದೇ ಇದ್ದದ್ದು ಒಂದಿದೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತೆ, ಪೂರ್ತಿ ಗಟ್ಟಿಯಾಗೋಕೆ ಮಾತ್ರ ದಿನಗಟ್ಟಲೆ ಬೇಕು. ನಾನು ಎರಡನೇ ದಿನವೇ ಮ್ಯಾಗ್ನೆಟ್ ಅಂಟಿಸಿದೆ, ಅದರ ಅಚ್ಚು ಈಗಲೂ ಬಾಗಿಲ ಮೇಲಿದೆ. ಇದೇ ಪೇಂಟನ್ನು ಓವನ್ ಒಳಗೆ, ಒಲೆಯ ಬರ್ನರ್ ಹತ್ತಿರ ಹೊಡೆಯಬೇಡಿ, ಆ ಬಿಸಿ ಇದು ತಡೆಯಲ್ಲ.