ಕರ್ನಾಟಕಕ್ಕೆ ಇನ್ನೊಂದು ಫುಟ್‌ಬಾಲ್ ತಂಡ ಅಂದ್ರೆ, ಯಾವ ಊರು?

ಕೇಳಿದವರು:
ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು, ಬೆಂಗಳೂರಲ್ಲಿ ಎರಡು ಟರ್ಫ್ ನಡೆಸುತ್ತಿದ್ದೇವೆ. ಒಂದು ವೃತ್ತಿಪರ ಫುಟ್‌ಬಾಲ್ ತಂಡ ಕಟ್ಟಬೇಕು ಅಂತ ಎರಡು ವರ್ಷದಿಂದ ಮಾತು ನಡೆದಿದೆ. ನೇರವಾಗಿ ದೇಶದ ಅತಿ ಮೇಲಿನ ಲೀಗ್ ಆದ ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಹಾರುವ ಹುಚ್ಚಿಲ್ಲ. ಮೊದಲು ರಾಜ್ಯದ ಲೀಗ್, ಆಮೇಲೆ ಐ-ಲೀಗ್ 3, ಐ-ಲೀಗ್ 2, ಹೀಗೆ ಮೆಟ್ಟಿಲು ಹತ್ತುವ ಲೆಕ್ಕ. ಊರು ಯಾವುದು ಅನ್ನೋದೇ ಜಗಳ. ಒಬ್ಬ ಮೈಸೂರು ಅಂತಾನೆ, ಇನ್ನೊಬ್ಬ ಹುಬ್ಬಳ್ಳಿ, ನನಗೆ ಮಂಗಳೂರು. 2011ರ ಜನಗಣತಿ ಮುಂದಿಟ್ಟುಕೊಂಡು ಕೂತಿದ್ದೇವೆ. ಹುಬ್ಬಳ್ಳಿ-ಧಾರವಾಡ 9.4 ಲಕ್ಷ, ಮೈಸೂರು 9 ಲಕ್ಷದ ಆಸುಪಾಸು, ಮಂಗಳೂರು ಬೆಳಗಾವಿ ಎರಡೂ 5 ಲಕ್ಷದ ಹತ್ತಿರ. ತಂಡ ನಡೆಸಿದವರು, ಇಲ್ಲ ಬೇರೆ ಊರಲ್ಲಿ ತಂಡ ಬೆಳೆದಿದ್ದು, ಮುಚ್ಚಿದ್ದು ನೋಡಿದವರು ಇದ್ದರೆ ಹೇಳಿ. ಸುಮ್ನೆ "ಇದು ಕ್ರಿಕೆಟ್ ದೇಶ" ಅನ್ನಬೇಡಿ, ಅದು ಗೊತ್ತು.

ಆಸ್ಟಿನ್ ಟೌನ್‌ನಿಂದ ಒಬ್ಬರು:
ಬೆಂಗಳೂರನ್ನೇ ಬಿಟ್ಟುಬಿಟ್ಟಿದ್ದೀರಲ್ಲ, ಒಳ್ಳೇದಾಯ್ತು. ಆದರೆ ಬಿಎಫ್‌ಸಿ, ಅಂದ್ರೆ ಬೆಂಗಳೂರು ಎಫ್‌ಸಿ, ಹೇಗೆ ನಿಂತಿತು ಅಂತ ತಿಳ್ಕೊಳ್ಳಿ. 2013ರಲ್ಲಿ ಹುಟ್ಟಿದ ತಂಡ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆ ವರ್ಷ ಅವರು ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಹಳೇ ಮೈದಾನ, ಸುಮಾರು 8 ಸಾವಿರ ಜನ ಕೂರಬಹುದು ಅಷ್ಟೇ. ನಾನು ಗೆರೆಯಿಂದ ಹತ್ತು ಹೆಜ್ಜೆ ದೂರ ಕೂತಿದ್ದೆ. ಡಿಫೆಂಡರ್ ಗೋಲ್‌ಕೀಪರ್‌ಗೆ ಬೈದಿದ್ದು ನನಗೆ ಕೇಳಿಸಿತು. ಅಷ್ಟು ಹತ್ತಿರ ಕೂತು ಒಂದು ಮ್ಯಾಚ್ ನೋಡಿದ ಹುಡುಗ ಮತ್ತೆ ಬರದೇ ಇರಲ್ಲ. ಮುಂದಿನ ವರ್ಷ ಕಂಠೀರವಕ್ಕೆ ಹೋದರು. ದೊಡ್ಡ ಜಾಗ, ಆದರೆ ನಡುವೆ ಓಟದ ಟ್ರ್ಯಾಕ್. ವೆಸ್ಟ್ ಬ್ಲಾಕ್‌ನ ಅಭಿಮಾನಿ ಹುಡುಗರು ಕೂಗಿ ಕೂಗಿ ಆ ದೂರವನ್ನು ತುಂಬಿದರು ಅನ್ನಿ.

ಇನ್ನೊಂದು ಮಾತು. ಆ ಜನ 2013ರಲ್ಲಿ ಹುಟ್ಟಿದವರಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ, ಅಂದ್ರೆ ರಾಜ್ಯ ತಂಡಗಳ ರಾಷ್ಟ್ರೀಯ ಕಪ್, ಗೆದ್ದಿದೆ. ಆಮೇಲೆ 54 ವರ್ಷ ಬರಗಾಲ. 2023ರ ಮಾರ್ಚ್‌ನಲ್ಲಿ ಕರ್ನಾಟಕದ ಹುಡುಗರು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ತಂದರು. ಗೌತಮಪುರಕ್ಕೆ ಬನ್ನಿ, ಪೆಲೆಯ ಪ್ರತಿಮೆ ಇದೆ. ಬೇರೆ ಕಡೆ ಯಾರ ಯಾರ ಪ್ರತಿಮೆ ಇಡ್ತಾರೆ, ನಮ್ಮಲ್ಲಿ ಪೆಲೆ.

ಇಷ್ಟಿದ್ದೂ ಈ ಊರಲ್ಲಿ ಎರಡನೇ ತಂಡ ಕಷ್ಟ. ಎಸ್‌ಸಿ ಬೆಂಗಳೂರು ಅನ್ನೋ ತಂಡ 2023-24ರ ಐ-ಲೀಗ್ 2 ಗೆದ್ದು ಮೇಲಕ್ಕೆ ಹೋಯಿತು. ನಮ್ಮ ಬೀದಿಯಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಪುಣೆಯಲ್ಲಿ ಹನ್ನೊಂದು ವರ್ಷ ಇದ್ದವನು:
ಜನಸಂಖ್ಯೆ ಲೆಕ್ಕ ಹಾಕೋರು ಪುಣೆ ಕಥೆ ಕೇಳಿ. 31 ಲಕ್ಷ ಜನ. 2014-15ರಲ್ಲಿ ಆ ಊರಿಗೆ ಒಂದಲ್ಲ, ಮೂರು ವೃತ್ತಿಪರ ತಂಡ. ಐ-ಲೀಗ್‌ನಲ್ಲಿ ಪುಣೆ ಎಫ್‌ಸಿ ಮತ್ತು ಭಾರತ್ ಎಫ್‌ಸಿ, ಐಎಸ್‌ಎಲ್‌ನಲ್ಲಿ ಎಫ್‌ಸಿ ಪುಣೆ ಸಿಟಿ. ಭಾರತ್ ಎಫ್‌ಸಿ ಆಡಿದ್ದು ಒಂದೇ ಸೀಸನ್. ಪುಣೆ ಎಫ್‌ಸಿ ಕೆಟ್ಟ ತಂಡ ಅಲ್ಲ, 2012-13ರಲ್ಲಿ ಐ-ಲೀಗ್‌ನಲ್ಲಿ ಎರಡನೇ ಸ್ಥಾನ. ಅದೂ 2015ರಲ್ಲೇ ಮುಚ್ಚಿತು. ಮೂರನೆಯದು 2019ರಲ್ಲಿ ಹೋಯಿತು, ಆ ಜಾಗಕ್ಕೆ ಹೈದರಾಬಾದ್ ಬಂತು. ಹೈದರಾಬಾದ್ 2022ರಲ್ಲಿ ಐಎಸ್‌ಎಲ್ ಕಪ್ಪನ್ನೇ ಗೆದ್ದಿತು, 2025ರಲ್ಲಿ ಅದೂ ಗಂಟುಮೂಟೆ ಕಟ್ಟಿಕೊಂಡು ದೆಹಲಿಗೆ ಹೋಯಿತು. ದೆಹಲಿಯಲ್ಲಿ ಮೊದಲಿದ್ದ ತಂಡ 2019ರಲ್ಲೇ ಭುವನೇಶ್ವರಕ್ಕೆ ಹೋಗಿ ಒಡಿಶಾ ಆಗಿತ್ತು. ನೋಡಿ, ಮನೆ ಬದಲಾಯಿಸೋ ಬಾಡಿಗೆದಾರರ ಹಂಗೆ.

ಪುಣೆಯಲ್ಲಿ ಏನಾಯಿತು ಅಂದ್ರೆ, ಮ್ಯಾಚ್ ಎಲ್ಲ ಬಾಲೇವಾಡಿಯಲ್ಲಿ. ಸ್ಟೇಡಿಯಂ ಚೆನ್ನಾಗಿದೆ, ಇರೋದು ಊರಾಚೆ ಹೈವೇ ಪಕ್ಕ. ನನ್ನ ಆಫೀಸು ಹಡಪ್ಸರ್. ಸಂಜೆ 7ಕ್ಕೆ ಮ್ಯಾಚ್ ಅಂದ್ರೆ 5ಕ್ಕೆ ಬೈಕ್ ಹತ್ತಬೇಕು. ಒಂದು ದಿನ ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಗ್ಯಾಲರಿ ಮೆಟ್ಟಿಲು ಹತ್ತುತ್ತಿದ್ದೇನೆ, ರೆಫರಿ ಹಾಫ್ ಟೈಮ್ ಸೀಟಿ ಊದಿದ. ಆಮೇಲೆ ನಾನು ಹೋಗಲಿಲ್ಲ. ನನ್ನಂಥವರು ಎಷ್ಟು ಜನ ಇದ್ದರೋ.

ಕೇಳಿದವರು:
ಅಯ್ಯೋ. ಹಂಗಾದ್ರೆ ಜನಗಣತಿ ಪುಸ್ತಕ ಮಡಚಿಡ್ತೀನಿ. ಚಿಕ್ಕ ಊರಲ್ಲಿ ನಡೆದ ಉದಾಹರಣೆ ಇದೆಯಾ?

ಬ್ಯಾಂಕ್ ಕೆಲಸದಲ್ಲಿ ಐಜ್ವಾಲ್‌ನಲ್ಲಿದ್ದವರು:
ಇದೆ. ಐಜ್ವಾಲ್‌ನಲ್ಲಿ ಇರೋದು 3 ಲಕ್ಷ ಜನ, ಅಂದ್ರೆ ನಿಮ್ಮ ಪಟ್ಟಿಯ ಎಲ್ಲ ಊರಿಗಿಂತ ಚಿಕ್ಕದು. ಅಲ್ಲಿನ ತಂಡ 2016ರಲ್ಲಿ ಐ-ಲೀಗ್‌ನಿಂದ ಕೆಳಗೆ ಬಿದ್ದಿತ್ತು. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟಿದ್ದರಿಂದ ಮತ್ತೆ ಒಳಗೆ ಬಂತು, ಬಂದ ವರ್ಷವೇ, 2017ರ ಏಪ್ರಿಲ್ 30ರಂದು, ಶಿಲ್ಲಾಂಗ್‌ನಲ್ಲಿ 1-1 ಡ್ರಾ ಮಾಡಿಕೊಂಡು ಚಾಂಪಿಯನ್. ಆ ರಾತ್ರಿ ನಮ್ಮ ಬೀದಿಯಲ್ಲಿ ನಾನೊಬ್ಬನೇ ಮಲಗಲು ನೋಡಿದ್ದು, ಆಗಲಿಲ್ಲ.

ಆದರೆ ಕಥೆ ಶುರುವಾಗೋದು ಅದಕ್ಕೂ ಮುಂಚೆ. 2012ರಿಂದ ಅಲ್ಲಿ ಮಿಜೋರಾಂ ಪ್ರೀಮಿಯರ್ ಲೀಗ್ ಇದೆ. ತಂಡಗಳಿಗೆ ಕೇರಿಯ ಹೆಸರು. ವೆಂಗ್ ಅಂತಾರೆ ಕೇರಿಗೆ. ಊರಿನ ಕೇಬಲ್ ಟಿವಿಯವರು ಮ್ಯಾಚ್‌ಗಳನ್ನು ನೇರವಾಗಿ ತೋರಿಸುತ್ತಿದ್ದರು. ನನ್ನ ಮನೆ ಮಾಲೀಕರ ಅಮ್ಮನಿಗೆ ಎಪ್ಪತ್ತರ ಮೇಲೆ ವಯಸ್ಸು. ಒಲೆ ಪಕ್ಕ ಕೂತು ಟಿವಿ ನೋಡುತ್ತಾ, ಬಾಲ್ ಸಿಕ್ಕ ಹುಡುಗ ಯಾರ ಮಗ, ಯಾವ ವೆಂಗ್, ಅವನ ಅಪ್ಪ ಹೇಗೆ ಆಡುತ್ತಿದ್ದ, ಎಲ್ಲ ಹೇಳೋರು. ಭಾನುವಾರ ಮಾತ್ರ ಆಟ ಇಲ್ಲ, ಅಂಗಡಿಯೂ ಇಲ್ಲ, ಚರ್ಚ್ ಮಾತ್ರ. ನೀವು ಭಾನುವಾರ ಮ್ಯಾಚ್ ಇಟ್ಟರೆ ಜನ ಬರ್ತಾರೆ ಅಂದುಕೊಂಡಿರ್ತೀರಿ, ಅಲ್ವಾ? ಊರು ನೋಡಿ ವಾರ ಆರಿಸಬೇಕು.

ಜೆಮ್‌ಶೆಡ್‌ಪುರವೂ ಹಾಗೇ. ಟಾಟಾ ಕಂಪನಿಯ ಊರು, ಕಂಪನಿಯ ಫುಟ್‌ಬಾಲ್ ಅಕಾಡೆಮಿ 1987ರಿಂದಲೇ ಇತ್ತು. ತಂಡ ಬಂದಿದ್ದು 2017ರಲ್ಲಿ.

ಮಂಗಳೂರಿನಿಂದ:
ಮಾರಾಯ್ರೇ, ಇಷ್ಟೊತ್ತು ಸುಮ್ಮನಿದ್ದೆ. ಒಮ್ಮೆ ನೆಹರೂ ಮೈದಾನಕ್ಕೆ ಬನ್ನಿ. ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಶಾಲೆ-ಕಾಲೇಜು ಮಕ್ಕಳ ಕಪ್ ನಡೆಯುತ್ತದೆ. ಮಳೆ ಅಂದ್ರೆ ಮಳೆ. ಗೋಲ್ ಬಾಯಲ್ಲಿ ಕೆಸರು ಪಾದ ಮುಚ್ಚುತ್ತದೆ, ಕೊಡೆ ಹಿಡಿದ ಜನ ಮಾತ್ರ ಅಲುಗಾಡುವುದಿಲ್ಲ. ಕಸಬಾ ಬೆಂಗ್ರೆಯ ಹುಡುಗರು ಬೂಟಿನ ಲೇಸು ಕುತ್ತಿಗೆಗೆ ಹಾಕಿಕೊಂಡು ದೋಣಿಯಲ್ಲಿ ಬಂದರಿಗೆ ಇಳಿಯುತ್ತಾರೆ, ಅಲ್ಲಿಂದ ನಡ್ಕೊಂಡೇ ಮೈದಾನಕ್ಕೆ. ಹಿಂದೆ ಅವರ ಊರಿಗೆ ಊರೇ. ಕೊನೆಯ ದೋಣಿ ಹೊರಡುವ ಹೊತ್ತಾಯಿತು ಅಂತ ಪೆನಾಲ್ಟಿ ಶೂಟೌಟ್ ನಡುವೆ ಓಡಿದ ಮುದುಕರನ್ನು ನಾನು ನೋಡಿದ್ದೇನೆ.

ಆದರೆ ಸತ್ಯ ಹೇಳಬೇಕಲ್ಲ. ಒಂದು, ಜೂನ್‌ನಿಂದ ಸೆಪ್ಟೆಂಬರ್ ತನಕ ವೃತ್ತಿಪರ ಮಟ್ಟದ ಮೈದಾನ ಕಾಯುವುದು ಕಷ್ಟ. ಎರಡು, ನಮ್ಮ ಹುಡುಗರಲ್ಲಿ ಅರ್ಧ ಜನ ಈಗಾಗಲೇ ಹಳದಿ ಜೆರ್ಸಿಯವರು, ಕೇರಳ ಬ್ಲಾಸ್ಟರ್ಸ್. ಅವರನ್ನು ಒಲಿಸಿಕೊಳ್ಳಬೇಕು. ಮೂರು, ನೆಹರೂ ಮೈದಾನದಲ್ಲಿ ರಾಜಕೀಯ ಸಭೆಯೂ ಆಗುತ್ತದೆ, ಕ್ರಿಕೆಟ್ಟೂ ಆಗುತ್ತದೆ. ರಾತ್ರಿ ಮ್ಯಾಚ್‌ಗೆ ಬೇಕಾದ ಲೈಟು, ಟಿಕೆಟ್ ಗೇಟು, ಎಲ್ಲ ಮಾಡಬೇಕಷ್ಟೆ.

ಬೆಳಗಾವಿಯಿಂದ:
ನಮ್ಮ ಊರನ್ನು ಐದನೇ ಸಾಲಿಗೆ ತಳ್ಳಬೇಡ್ರಿ. ಕ್ಯಾಂಪ್‌ನಲ್ಲಿ ಮಿಲಿಟರಿಯವರಿಂದ ಬಂದ ಆಟ ಇದು, ಕಾನ್ವೆಂಟ್ ಶಾಲೆಗಳಲ್ಲಿ ಮೂರು ತಲೆಮಾರು ಆಡಿದೆ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿನ ತಂಡಗಳನ್ನು ಕರೆಸಿ ಆಡಿಸಲು ವಿಮಾನದ ಖರ್ಚಿಲ್ಲ. ತೊಂದರೆ ಅಂದ್ರೆ, ಒಳ್ಳೆ ಹುಡುಗರು ಆ ಘಾಟ್ ಇಳಿದು ಗೋವಾ ಸೇರಿಬಿಡ್ತಾರ.

ಕೆಜಿಎಫ್‌ನವನು:
ನನ್ನ ಊರಿಗೆ ತಂಡ ಕೊಡಿ ಅಂತ ಕೇಳಲ್ಲ. ಗಣಿ 2001ರಲ್ಲಿ ಮುಚ್ಚಿತು, ನಾವು ಬೆಳಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರೋರು. ಮ್ಯಾಚ್ ನೋಡಲು ಊರಲ್ಲಿ ಇರೋರು ಯಾರು? ಆದರೆ ಆಟಗಾರರು ಬೇಕಾದರೆ ಬನ್ನಿ. ಟ್ರಯಲ್ಸ್ ಇಟ್ಟರೆ ಅಪ್ಪಂದಿರೇ ಮಕ್ಕಳನ್ನು ಕರ್ಕೊಂಡು ಬರ್ತಾರೆ.

ಆರು ವರ್ಷ ಕ್ಲಬ್ ನಡೆಸಿ ಕೈ ಸುಟ್ಟುಕೊಂಡವರು:
ಎಲ್ಲರೂ ಜನದ ಬಗ್ಗೆ ಹೇಳಿದಿರಿ, ನಾನು ಮೈದಾನದ ಬಗ್ಗೆ ಹೇಳ್ತೀನಿ. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ. ಮೂರು ತಿಂಗಳು ಮುಂಚೆ ದುಡ್ಡು ಕಟ್ಟಿ ಮೈದಾನ ಬುಕ್ ಮಾಡಿದ್ದೆವು. ಮ್ಯಾಚ್‌ಗೆ ಎರಡು ದಿನ ಮುಂಚೆ ಅದೇ ಮೈದಾನವನ್ನು ಒಂದು ಸಮಾವೇಶಕ್ಕೆ ಕೊಟ್ಟರು. ಕೇಳಿದ್ದಕ್ಕೆ "ಮ್ಯಾಚ್ ದಿನ ಖಾಲಿ ಇರುತ್ತಲ್ಲ ಸಾರ್" ಅಂದರು. ಖಾಲಿ ಇತ್ತು, ನಿಜ. ಪೆಂಡಾಲ್ ಗೂಟದ ಗುಂಡಿಗಳೂ ಇದ್ದವು. ಬೆಳಗ್ಗೆ ಐದಕ್ಕೆ ನಾನು, ಕೋಚು, ಬದಲಿ ಆಟಗಾರರು ಬಾಂಡ್ಲಿಯಲ್ಲಿ ಮರಳು ಹೊತ್ತು ತುಂಬಿದೆವು. ಒಂದು ಗುಂಡಿ ಬಿಟ್ಟುಹೋಯಿತು. ನಮ್ಮ ಗೋಲ್‌ಕೀಪರ್ ಕಾಲು ಸಿಕ್ಕಿದ್ದು ಅದರಲ್ಲೇ, ನಾಲ್ಕು ತಿಂಗಳು ಮನೆಯಲ್ಲಿ ಕೂತ.

ಇದು ನಮ್ಮದೊಂದೇ ಗೋಳಲ್ಲ. ಇಂಟರ್ ಕಾಶಿ ಅನ್ನೋ ವಾರಾಣಸಿ ತಂಡ 2023ರಲ್ಲಿ ಐ-ಲೀಗ್‌ಗೆ ಬಂತು, ತವರಿನ ಮ್ಯಾಚ್ ಆಡಿದ್ದು ಬಂಗಾಳದ ಕಲ್ಯಾಣಿಯಲ್ಲಿ. 2024ರಲ್ಲಿ ಸೂಪರ್ ಲೀಗ್ ಕೇರಳ ಆರು ತಂಡಗಳೊಂದಿಗೆ ಶುರುವಾಯಿತಲ್ಲ, ಕಣ್ಣೂರಿನ ತಂಡ ಮೊದಲ ವರ್ಷ ಕಲ್ಲಿಕೋಟೆಯಲ್ಲಿ ಆಡಿತು. ಅವರ ಹತ್ತಿರ ದುಡ್ಡಿತ್ತು, ತಡ್ಕೊಂಡರು. ನಿಮ್ಮ ಹತ್ತಿರ ಟರ್ಫ್ ಬಾಡಿಗೆ ಇದೆ. 50 ರೂಪಾಯಿ ಟಿಕೆಟ್‌ಗೆ ಸಾವಿರ ಜನ ಬಂದರೂ 50 ಸಾವಿರ. ಹುಡುಗರ ಸಂಬಳ ಆಮೇಲಿನ ಮಾತು. ಹೊರಗಿನ ಮ್ಯಾಚ್‌ಗಳ ಬಸ್ಸು, ರೂಮು, ಊಟ, ಫಿಸಿಯೋ, ತವರಿನ ಮ್ಯಾಚ್‌ಗೆ ಆಂಬುಲೆನ್ಸ್, ಇದಕ್ಕೇ ಅದು ಸಾಲಲ್ಲ. ಮೇಲಿನ ಲೀಗ್ ನೋಡಿ, ಒಪ್ಪಂದದ ಗೊಂದಲದಲ್ಲಿ 2025ರಲ್ಲಿ ಐಎಸ್‌ಎಲ್ ಶುರುವಾಗುವುದೇ ನಿಂತುಹೋಯಿತು, ದೊಡ್ಡ ಕ್ಲಬ್‌ಗಳೇ ಸಂಬಳ ತಡೆದವು. ಮೈದಾನ ಯಾರ ಹೆಸರಲ್ಲಿದೆ, ಮೂರು ವರ್ಷಕ್ಕೆ ಬರಹದಲ್ಲಿ ಕೊಡ್ತಾರಾ, ಇದನ್ನು ಮೊದಲು ಕೇಳಿ. ಕೊಡಲ್ಲ ಅಂದ್ರೆ ಆ ಊರು ಬಿಡಿ, ಎಷ್ಟೇ ಪ್ರೀತಿ ಇರಲಿ.

ಮೈಸೂರಿನಿಂದ ಒಬ್ಬರು:
ನಮ್ಮ ಊರಿಗೆ ಬೇಡ. ಬೇಜಾರು ಮಾಡ್ಕೊಬೇಡಿ, ಇಲ್ಲಿ ಬಿಎಫ್‌ಸಿ ನೋಡಬೇಕು ಅಂದವರು ರೈಲು ಹತ್ತಿ ಹೋಗಿ ಬರ್ತಾರೆ. ಮೂರು ಗಂಟೆ ದಾರಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ನಾಲ್ವರಲ್ಲಿ ಹುಬ್ಬಳ್ಳಿಯವನು ಇನ್ನೂ ಮುನಿಸಿಕೊಂಡಿದ್ದಾನೆ, ಅವನ ಪರವಾಗಿ ಒಬ್ಬರೂ ಬರೆಯಲಿಲ್ಲ ಅಂತ. ನಮ್ಮ ಲೆಕ್ಕ ಈಗ ಮಂಗಳೂರು ಇಲ್ಲ ಬೆಳಗಾವಿ. ತಂಡದ ಮಾತು ಒಂದು ವರ್ಷ ಮುಂದಕ್ಕೆ. ಮೊದಲು ಎರಡೂ ಊರಲ್ಲಿ ಮೈದಾನದ ಕಾಗದ ಕೇಳಿ ನೋಡ್ತೀವಿ, ಆಗಸ್ಟ್‌ನಲ್ಲಿ ನೆಹರೂ ಮೈದಾನದಲ್ಲಿ ಒಂದು ವಾರ ಕೂತು ಜನ ಎಣಿಸ್ತೀವಿ. ಕೆಜಿಎಫ್ ಅಣ್ಣ, ಟ್ರಯಲ್ಸ್‌ಗೆ ಖಂಡಿತ ಬರ್ತೀವಿ.

ಮಂಗಳೂರಿನಿಂದ:
ಬನ್ನಿ. ಕೊಡೆ ನಂಬಬೇಡಿ, ರೇನ್‌ಕೋಟ್ ತನ್ನಿ. ಮತ್ತೆ ಎಣಿಸುವಾಗ ಬೆಂಗ್ರೆಯವರನ್ನು ದೋಣಿ ಇಳಿಯುವಲ್ಲೇ ಎಣಿಸಿ, ಮೈದಾನದಲ್ಲಿ ಅವರು ಒಂದು ಕಡೆ ನಿಲ್ಲುವುದಿಲ್ಲ.