ಯುಗಾದಿ ಆದ ಮೇಲೆ ಹಿತ್ತಲಲ್ಲಿ ಕಾಯಿಪಲ್ಲೆ: ಮಾಡಿ ನೋಡಿದವರು ಹೇಳಿ

ಕುಂದಗೋಳ ಹತ್ತಿರದಿಂದ
ಹಳ್ಳಿ ಮನೆಗೆ ಬಂದು ಮೂರು ತಿಂಗಳಾಯಿತು. ಹಿತ್ತಲು ಎರಡು ಗುಂಟೆ, ಎರೆ ಮಣ್ಣು. ಬೋರ್ ನೀರು ದಿನಕ್ಕೆ ಒಂದು ತಾಸು. ಈಗಲೇ ಬೆಂಡೆ, ಹೀರೆ, ಚವಳಿ (ಗೋರಿಕಾಯಿ), ಟೊಮೆಟೊ ಹಾಕಬಹುದಾ, ಇಲ್ಲಾ ರೋಹಿಣಿ ಮಳೆಗೆ ಕಾಯಬೇಕಾ? ಅನುಭವ ಇದ್ದವರು ಹೇಳಿ.

ಗದಗದಿಂದ
ನನಗಾದದ್ದು ಹೇಳುತ್ತೇನೆ. ಹೋದ ವರ್ಷ ಏಪ್ರಿಲ್ ಮೊದಲ ವಾರ 120 ಟೊಮೆಟೊ ಅಗಿ (ಸಸಿ) ಹಚ್ಚಿದೆ. ಅಗಿಗೆ 240 ರೂಪಾಯಿ. ತಿಪ್ಪೆ ಗೊಬ್ಬರ ಒಂದು ಟ್ರಾಲಿ, 3,000. ಡ್ರಿಪ್ ಪೈಪಿಗೆ 2,650. ಹದಿನೈದು ದಿನ ಚೆಂದ ಇತ್ತು. ಆಮೇಲೆ ಬೋರ್ ಕೈ ಕೊಟ್ಟಿತು. ಟ್ಯಾಂಕರ್ ತರಿಸಿದೆ. ಒಂದಕ್ಕೆ 700ರಂತೆ ಒಂಬತ್ತು ಟ್ಯಾಂಕರ್, 6,300. ಅಷ್ಟು ಮಾಡಿ ಹೂ ಬಂತು, ಬಿಸಿಲು 38 ದಾಟಿತು. ಬೆಳಗ್ಗೆ ಹೋದರೆ ಮಡಿ ತುಂಬಾ ಹಳದಿ ಹೂ. ಗಿಡದಲ್ಲಿ ಉಳಿದದ್ದನ್ನು ಬೆರಳಲ್ಲಿ ಮುಟ್ಟಿದರೂ ಸಾಕು, ತೊಟ್ಟಿನ ಗಂಟಲ್ಲೇ ಕಳಚಿ ಬೀಳುತ್ತಿತ್ತು. ಆಮೇಲೆ ಬಿಳಿ ನೊಣ ಬಂದು ಎಲೆ ಮುದುಡಿತು. ಒಟ್ಟು ಖರ್ಚು 12,190. ಕೈಗೆ ಬಂದದ್ದು 11 ಕಿಲೋ. ಆ ಡ್ರಿಪ್ ಪೈಪ್ ಇನ್ನೂ ಅಟ್ಟದ ಮೇಲಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ರಾಣೆಬೆನ್ನೂರಿನಿಂದ
ಆ ಬಿಸಿಲಿಗೆ ಟೊಮೆಟೊ ಹಚ್ಚಿದ್ದೇ ತಪ್ಪು ಅಣ್ಣಾರೆ. ನಾನು ಹೈಬ್ರಿಡ್ ಬೆಂಡೆ ಹಾಕಿದ್ದೆ. 50 ಗ್ರಾಂ ಬೀಜಕ್ಕೆ 210 ಕೊಟ್ಟೆ. ರಾತ್ರಿ ನೆನೆಹಾಕಿ ಬೆಳಗ್ಗೆ ಊರಿದೆ. ಮೇಲೆ ಜೋಳದ ಕಣಿಕೆ ಹಾಸಿದೆ, ಇಲ್ಲದಿದ್ದರೆ ಎರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. 46ನೇ ದಿನ ಮೊದಲ ಕಾಯಿ ಕೊಯ್ದೆ. ಬೇರೆ ಯಾವುದೂ ಬೇಡ, ಬೆಂಡೆ ಹಾಕಿ.

ಗದಗದಿಂದ
ತಪ್ಪು ಅಂತ ಈಗ ಹೇಳುವುದು ಸುಲಭ. ನರ್ಸರಿಯವರೇ ಬಿಸಿಲಿಗೂ ನಡೆಯುತ್ತದೆ ಅಂತ ಕೊಟ್ಟಿದ್ದರು. ದುಡ್ಡು ಹೋದದ್ದು ನನ್ನದು.

ಅಣ್ಣಿಗೇರಿಯಿಂದ
210 ರೂಪಾಯಿ ಕೊಟ್ಟು ಬೀಜ ಯಾಕೆ? ನಮ್ಮ ಅತ್ತೆಯವರು ಜವಾರಿ ಚವಳಿ ಬೀಜ ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಇಟ್ಟಿರುತ್ತಿದ್ದರು. ಈಗ ನಾನು ಇಡುತ್ತೇನೆ. ಅಶ್ವಿನಿ ಮಳೆ ಒಂದು ಹದ ಆದರೆ ಊರುವುದು, ಅಷ್ಟೇ. ಪಾತ್ರೆ ತೊಳೆದ ನೀರಲ್ಲೇ ಎರಡು ಸಾಲು ಬಂತು. ಎಂಥ ಬಿಸಿಲಿಗೂ ಚವಳಿ ಬಗ್ಗುವುದಿಲ್ಲ. ಹೈಬ್ರಿಡ್‌ನವರು ಪ್ರತಿ ವರ್ಷ ಅಂಗಡಿ ಮುಂದೆ ನಿಲ್ಲಬೇಕು. ಅದರ ಬೀಜ ತೆಗೆದು ಹಾಕಿದರೆ ಒಂದೊಂದು ಗಿಡ ಒಂದೊಂದು ತರ. ಬೀಜ ಮಾರುವವರ ಮಾತು ಕೇಳಬೇಡಿ.

ರಾಣೆಬೆನ್ನೂರಿನಿಂದ
ಅಕ್ಕಾರೆ, ನಾನು ಬೀಜ ಮಾರುವವಳಲ್ಲ. ಹದಿನಾಲ್ಕು ವರ್ಷ ಬೀಜದ ಪ್ಲಾಟಲ್ಲಿ ಕ್ರಾಸಿಂಗ್ ಕೂಲಿ ಮಾಡಿದವಳು. ಇವತ್ತು ಸಂಜೆ ಮೊಗ್ಗು ಬಿಡಿಸಿ ಚಿಮಟದಲ್ಲಿ ಕೇಸರ ಕೀಳಬೇಕು. ನಾಳೆ ಬೆಳಗ್ಗೆ ಗಂಡು ಹೂವಿನ ಪುಡಿ ತಂದು ಮುಟ್ಟಿಸಬೇಕು. ಮುಟ್ಟಿಸಿದ ಒಂದೊಂದು ಹೂವಿಗೂ ದಾರ ಕಟ್ಟಬೇಕು. ನಮ್ಮ ಕಡೆ ಎಷ್ಟೋ ಮನೆಗಳ ಒಲೆ ಇದರಲ್ಲೇ ಉರಿಯುತ್ತದೆ. ಜವಾರಿ ಬೆಂಡೆ ನಾನೂ ಹಾಕಿದ್ದೆ. ತಿಂಗಳೊಳಗೆ ಎಲೆಯ ನರವೆಲ್ಲ ಹಳದಿ. ನಲವತ್ತು ಗಿಡ ಕಿತ್ತು ಸುಟ್ಟೆ. ಸುಮ್ನೆ ಹೈಬ್ರಿಡ್ ಅಂದ ಕೂಡಲೇ ಬೈಯಬೇಡಿ.

ಅಣ್ಣಿಗೇರಿಯಿಂದ
ನಿಮ್ಮ ದುಡಿಮೆಗೆ ನಾನು ಅಂದಿಲ್ಲ, ಅಂದಂಗಾಗಿದ್ದರೆ ತಪ್ಪಾಯಿತು. ಆದರೆ ನಾನು ಹೇಳಿದ್ದು ಚವಳಿ, ನೀವು ಬೈದದ್ದು ಬೆಂಡೆಗೆ.

ಹಾವೇರಿಯಿಂದ
ಬೀಜ ಯಾವುದಾದರೂ ಇರಲಿ, ಆಡಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹೀರೆಗೆ ಹಂದರ ಹಾಕಿದೆ. ಬಿದಿರು 1,200, ತಂತಿ 480, ಒಂದಾಳು ಕೂಲಿ 500. ಬಳ್ಳಿ ಹಂದರ ಹತ್ತಿತ್ತು. ಆಗ ಅಡ್ಡಮಳೆಯಲ್ಲಿ ಆಲಿಕಲ್ಲು ಬಿದ್ದು ಎಲೆ ಜರಡಿ ಆಯಿತು. ಅದೂ ಚಿಗುರಿತು. ಮರುವಾರ ಮದುವೆಗೆ ಹೋಗಿ ಬರುವುದರೊಳಗೆ ಪಕ್ಕದ ಮನೆಯ ಮೂರು ಆಡು ಬುಡಸಮೇತ ತಿಂದು ಹೋಗಿದ್ದವು. ಹೇಳಿದರೆ "ಮೂಕ ಪ್ರಾಣಿ" ಅಂದರು. ಇವತ್ತಿಗೂ ಅವರ ಮನೆ ಜೊತೆ ಮಾತಿಲ್ಲ.

ನವಲಗುಂದದಿಂದ
ನಮ್ಮ ಮನೆಯಲ್ಲೂ ಹನ್ನೆರಡು ಆಡು ಇವೆ. ಬೇಸಿಗೆಯಲ್ಲಿ ಎಲ್ಲಿ ಹಸಿರು ಕಂಡರೂ ಅವು ಹೋಗುತ್ತವೆ. ಬೇಲಿ ಹಾಕದೆ ಬಳ್ಳಿ ಹಬ್ಬಿಸಿ, ಆಮೇಲೆ ಆಡಿನವರನ್ನು ಬೈದರೆ ಹೇಗೆ? ಹಂದರಕ್ಕೆ ದುಡ್ಡು ಇತ್ತು, ನಾಲ್ಕು ಹೊರೆ ಜಾಲಿ ಮುಳ್ಳಿಗೆ ಇರಲಿಲ್ಲವಾ?

ಹಾವೇರಿಯಿಂದ
ಮುಳ್ಳು ಹಚ್ಚಿದ್ದೆ. ಅದನ್ನು ಸರಿಸಿ ಬಂದಿದ್ದವು. ಕಟ್ಟಿ ಮೇಯಿಸುವುದು ಸಾಕಿದವರ ಕೆಲಸ ಅಲ್ವಾ?

ನವಲಗುಂದದಿಂದ
ಹನ್ನೆರಡು ಆಡನ್ನು ಕಟ್ಟಿ ಹಾಕಿದರೆ ಮೇವು ಎಲ್ಲಿಂದ ತರಲಿ? ಈ ವರ್ಷ ಕಣಿಕೆ ರೇಟು ಕೇಳಿದ್ದೀರಾ?

ಕುಂದಗೋಳ ಹತ್ತಿರದಿಂದ
ನಮ್ಮ ಹಿತ್ತಲಿಗೆ ಪಡುವಣ ಬದಿ ಬೇಲಿಯೇ ಇಲ್ಲ. ಇವತ್ತೇ ಮುಳ್ಳು ಕಡಿಸುತ್ತೇನೆ. ಅಣ್ಣಿಗೇರಿ ಅಕ್ಕಾರೆ, ಒಂದು ಹಿಡಿ ಚವಳಿ ಬೀಜ ಸಿಗಬಹುದಾ?

ಅಣ್ಣಿಗೇರಿಯಿಂದ
ಸಿಗುತ್ತದೆ, ಬನ್ನಿ. ಮೊದಲು ಒಂದು ಹದ ಮಳೆ ಆಗಲಿ.